ಕತ್ತರಿಸಿ ಕೊಟ್ಟ ಮಾತ್ರೆಯೊಂದಿಗೆ ಕನ್ನಡದ ಚೀಟಿಯೂ ಇರಲಿ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮಾನ್ಯರೇ,

ಶಸ್ತ್ರಚಿಕಿತ್ಸೆಯ ನಂತರದ ನೋವಿಗೂ ಮೂಳೆ ಮುರಿತಕ್ಕೂ ವೈದ್ಯರು ಬರೆದುಕೊಡುವ ಟ್ರಮಡಾಲ್–ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಸಾಮಾನ್ಯವಾಗಿ 37.5 ಮಿಲಿಗ್ರಾಂ ಟ್ರಮಡಾಲ್ ಮತ್ತು 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತವೆ. ಟ್ರಮಡಾಲ್ ಒಪಿಯಾಯ್ಡ್ ವರ್ಗದ್ದು, ಅಂದರೆ ಅಫೀಮಿನಂತೆ ಮಿದುಳಿನ ಮೇಲೆ ವರ್ತಿಸಿ ನೋವಿನ ಅರಿವನ್ನು ತಗ್ಗಿಸುವಂಥದ್ದು. ಪ್ಯಾರಾಸಿಟಮಾಲ್ ಮನೆಮನೆಯಲ್ಲಿರುವ ಜ್ವರದ ಔಷಧವೇ. ಇವೆರಡೂ ಸೇರಿದ ಈ ಮಾತ್ರೆ ಅಗತ್ಯವಾದ ಔಷಧ, ನೋವುಂಡವರಿಗೆ ಅದು ಸಿಗಲೇಬೇಕು.

ಕಾರ್ಖಾನೆಗಳು ರಾತ್ರಿ ಪಾಳಿಯಲ್ಲೂ ನಡೆಯುವ, ನಾರಾಯಣ ಹೆಲ್ತ್ ಸಿಟಿಯಂತಹ ದೊಡ್ಡ ಆಸ್ಪತ್ರೆಯೂ ಇರುವ ಬೊಮ್ಮಸಂದ್ರದಂಥ ಕಡೆ ತೊಡಕಾಗುವುದು ಮೆಡಿಕಲ್ ಶಾಪಿನ ಕತ್ತರಿಯಿಂದ. ಹತ್ತು ಮಾತ್ರೆಗಳ ಸ್ಟ್ರಿಪ್ಪಿನಿಂದ ನಾಲ್ಕನ್ನು ಕತ್ತರಿಸಿ ಕಾಗದದ ಕವರಿಗೆ ಹಾಕಿದಾಗ, ಕೆಂಪು ಚೌಕಟ್ಟಿನ ಎಚ್ಚರಿಕೆಯೂ ಕೆಲವೊಮ್ಮೆ ಔಷಧದ ಹೆಸರೂ ಅಂಗಡಿಯಲ್ಲೇ ಉಳಿಯುತ್ತವೆ. ಒಳಗೆ ಪ್ಯಾರಾಸಿಟಮಾಲ್ ಇದೆಯೆಂದು ತಿಳಿಯದ ಕಾರ್ಮಿಕರು ಮೈಕೈ ನೋವಿಗೆ 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುವ ಡೋಲೋ 650 ಅನ್ನೂ ನುಂಗುತ್ತಾರೆ. ದಿನದ ಗರಿಷ್ಠ ಮಿತಿಯಾದ 8 ಸಂಯುಕ್ತ ಮಾತ್ರೆಗಳಿಂದಲೇ 2,600 ಮಿಲಿಗ್ರಾಂ ಪ್ಯಾರಾಸಿಟಮಾಲ್ ದೇಹ ಸೇರುವುದರಿಂದ, ಅದರ ಮೇಲೆ ಮೂರು ಡೋಲೋ ಬಿದ್ದರೆ ಮೊತ್ತ 4,550 ಆಗಿ, ವಯಸ್ಕರ ಮಿತಿಯಾದ 4,000 ಅನ್ನು ದಾಟಿ ಯಕೃತ್ತಿಗೆ ಹಾನಿಯಾಗುವ ಸಂಭವವಿದೆ. ನೋವಿನ ಕಾರಣದಿಂದಲೇ ಮದ್ಯವನ್ನೋ ನಿದ್ದೆ ಮಾತ್ರೆಯನ್ನೋ ಜೊತೆಗೆ ತೆಗೆದುಕೊಂಡರಂತೂ ಉಸಿರಾಟವೇ ಕುಗ್ಗಬಹುದು. ಮಂಪರಿನಲ್ಲಿ ಪ್ರೆಸ್ ಮಷೀನಿನ ಮುಂದೆ ನಿಲ್ಲುವುದು, ಪಾಳಿ ಮುಗಿಸಿ ಹೊಸೂರು ರಸ್ತೆಯಲ್ಲಿ ಬೈಕ್ ಓಡಿಸುವುದು ಎಷ್ಟು ಅಪಾಯಕರವೆಂಬುದನ್ನು ವಿವರಿಸಬೇಕಿಲ್ಲ.

ಕಾನೂನಿಗೆ ಕೊರತೆಯಿಲ್ಲ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ, ಔಷಧ ನಿಯಮಗಳ ಎಚ್1 ಅನುಸೂಚಿಯಂತೆ ಟ್ರಮಡಾಲ್ ಮಾರಾಟವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಪಾಡಬೇಕು. 2018ರಲ್ಲಿ ಅದು ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೂ ಬಂತು. ಆದರೆ ಇವೆಲ್ಲ ಮಾರಾಟವನ್ನು ಕಾಯುತ್ತವೆಯೇ ಹೊರತು, ಮಾತ್ರೆ ಮನೆ ಸೇರಿದ ಮೇಲೆ ನುಂಗುವವರನ್ನು ಕಾಯುವುದಿಲ್ಲ.

ಆದ್ದರಿಂದ ರಿಜಿಸ್ಟರಿನಲ್ಲಿ ಹೆಸರು ಬರೆಯುವಾಗಲೇ ಕನ್ನಡದ, ಬೇಕಾದವರಿಗೆ ಹಿಂದಿ ಅಥವಾ ಒಡಿಯಾದ ಒಂದು ಚೀಟಿಯನ್ನೂ ಕೊಡುವಂತೆ ಆದೇಶವಾಗಬೇಕು. ಬೇರೆ ಪ್ಯಾರಾಸಿಟಮಾಲ್ ಬೇಡ, ಮದ್ಯ ಬೇಡ, ಮಕ್ಕಳಿಗೆ ಕೊಡಬಾರದು, ಮೂರ್ಛೆರೋಗವಿದ್ದರೆ ಅಥವಾ ಖಿನ್ನತೆಯ ಔಷಧ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು, ಬಹುಕಾಲ ಸೇವಿಸಿದ ಮೇಲೆ ಥಟ್ಟನೆ ನಿಲ್ಲಿಸಬಾರದು ಎಂಬಷ್ಟು ಅದರಲ್ಲಿದ್ದರೆ ಸಾಕು. ಎಬ್ಬಿಸಿದರೂ ಏಳದವರ ಉಸಿರು ನಿಧಾನವಾಗಿದ್ದರೆ ಅದನ್ನು ಗಾಢ ನಿದ್ದೆಯೆಂದು ಬಿಡದೆ 108ಕ್ಕೆ ಕರೆ ಮಾಡಬೇಕೆಂಬುದು ಅದರ ಮೊದಲ ಸಾಲಾಗಬೇಕು, ಏಕೆಂದರೆ ಆ ಹೊತ್ತಿನಲ್ಲಿ ಚೀಟಿಯನ್ನು ಓದುವವರು ರೋಗಿಯಲ್ಲ, ಅದೇ ಕೋಣೆಯಲ್ಲಿ ಬಾಡಿಗೆಗಿರುವ ಜೊತೆಗಾರರು.

ಇತಿ,
ಬೊಮ್ಮಸಂದ್ರದ ನಿವಾಸಿ