ನೂರು ಎಂಬಿಪಿಎಸ್ ಎಂದರೆ ಎಷ್ಟು? ಬಿಲ್ಲಿನಲ್ಲೇ ಬರೆಯಿರಿ

ಬ್ರಾಡ್‌ಬ್ಯಾಂಡ್ ಬಿಲ್ಲಿನಲ್ಲಿ ವೇಗದ ಬಗ್ಗೆ ಇರುವುದು ಒಂದೇ ಅಂಕಿ: 100 ಎಂಬಿಪಿಎಸ್, ಇಲ್ಲವೇ 200. ಅಷ್ಟು ಸಾಲದು. ಸೆಕೆಂಡಿಗೆ ಎಷ್ಟು ಮೆಗಾಬೈಟ್ ಕೈಗೆ ಸಿಗುತ್ತದೆ, ಅದೇ ಫೈಬರನ್ನು ಎಷ್ಟು ಮನೆಗಳು ಹಂಚಿಕೊಂಡಿವೆ ಎಂಬ ಇನ್ನೆರಡು ಅಂಕಿಗಳೂ ಪಕ್ಕದಲ್ಲಿ ಅಚ್ಚಾಗಬೇಕು. ದೂರವಾಣಿಯ ಟ್ರಾನ್ಸ್‌ಮಿಷನ್ ಕೆಲಸದಲ್ಲೇ ತಲೆ ನೆರೆತವನು ನಾನು. ಈ ಅಂಕಿಗಳು ಜನರಿಗೆ ಗೊತ್ತಿಲ್ಲದೆ ಎಷ್ಟು ಜಗಳಗಳಾಗುತ್ತವೆ ಎಂದು ಕಣ್ಣಾರೆ ನೋಡಿದ್ದೇನೆ.

ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯ ಹುಡುಗ ಮೊನ್ನೆ ಲೈನ್‌ಮನ್ ಮೇಲೆ ಹರಿಹಾಯುತ್ತಿದ್ದ. "ನೂರು ಎಂಬಿ ಪ್ಲಾನಿಗೆ ದುಡ್ಡು ಕಟ್ಟೀನಿ, ಇಲ್ಲಿ ನೋಡಿದ್ರೆ ಹನ್ನೊಂದೂ ಮುಕ್ಕಾಲು ತೋರಿಸ್ತಿದೆ. ಮಿಕ್ಕಿದ್ದೆಲ್ಲ ಎಲ್ಲಿ ಹೋಯ್ತು?" ಲೈನ್‌ಮನ್ ಬಳಿ ಉತ್ತರವಿರಲಿಲ್ಲ. ಕಂಬ ಹತ್ತಿ ಫೈಬರ್ ಬೆಸೆಯುವುದನ್ನು ಅವನಿಗೆ ಕಲಿಸಿದ್ದಾರೆ, ಲೆಕ್ಕವನ್ನು ಯಾರೂ ಹೇಳಿಕೊಟ್ಟಿಲ್ಲ. ಬಿಸಿಲಲ್ಲಿ ನಿಂತು ಬೈಸಿಕೊಂಡ.

ಲೆಕ್ಕ ಕಷ್ಟದ್ದೇನಲ್ಲ. ಬಿಲ್ಲಿನ ಅಂಕಿ ಬಿಟ್‌ಗಳದ್ದು, ಡೌನ್‌ಲೋಡ್ ಕಿಂಡಿಯಲ್ಲಿ ಕಾಣುವುದು ಬೈಟ್‌ಗಳದ್ದು. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 100 ಎಂದರೆ 12.5. ಅದರಲ್ಲೂ ಈಥರ್ನೆಟ್ ತನ್ನ ಖರ್ಚು ಮುರಿದುಕೊಳ್ಳುತ್ತದೆ. 1,500 ಬೈಟ್‌ಗಳ ಪ್ಯಾಕೆಟ್ ಒಂದು ತಂತಿಯ ಮೇಲೆ 1,538 ಬೈಟ್‌ಗಳಷ್ಟು ಜಾಗ ಹಿಡಿಯುತ್ತದೆ: ಕಳಿಸುವವರ ಮತ್ತು ಪಡೆಯುವವರ ವಿಳಾಸ, ತಪ್ಪು ಹಿಡಿಯುವ ನಾಲ್ಕು ಬೈಟ್, ಮುಂದಿನ ಪ್ಯಾಕೆಟ್ ಬರುವ ತನಕದ ಬಿಡುವು, ಎಲ್ಲವೂ ಅದರಲ್ಲಿ ಸೇರಿವೆ. ಆ 1,500ರ ಒಳಗೂ ಐಪಿ ಮತ್ತು ಟಿಸಿಪಿಗೆ 40 ಹೋಗುತ್ತದೆ. ನಮ್ಮ ಫೈಲಿಗೆ ಉಳಿಯುವುದು 1,460, ಅಂದರೆ ನೂರಕ್ಕೆ ಸುಮಾರು 95. ಹೀಗೆ 12.5 ಎಂಬುದು 11.9ರ ಹತ್ತಿರ ಬಂದು ನಿಲ್ಲುತ್ತದೆ. ಹುಡುಗ ಕಂಡದ್ದು ನ್ಯಾಯವಾದ ವೇಗ.

ಆದರೆ ಅದೇ ಅಂಗಡಿಯಲ್ಲಿ ಸಂಜೆ ಏಳರ ಮೇಲೆ ಅದು ಮೂರಕ್ಕೆ ಇಳಿಯುತ್ತದೆ. ಕೇಳಬೇಕಾದ್ದು ಅದನ್ನು. ಕೇಳಲು ಫೈಬರಿನ ಲೆಕ್ಕವೂ ಗೊತ್ತಿರಬೇಕು.

ಈಥರ್ನೆಟ್ ಆಫೀಸಿನ ಒಳಗೆ ಬೆಳೆದದ್ದು, ಅದರ ಅಂಕಿಗಳು ದುಂಡಗಿವೆ: ಮೊದಲು 10, 1995ರಲ್ಲಿ 100, 1998ರಲ್ಲಿ 1,000, 2002ರಲ್ಲಿ 10,000 ಎಂಬಿಪಿಎಸ್. ಊರಿಂದೂರಿಗೆ ಹಾಸಿದ ಫೈಬರಿನದು ಟೆಲಿಫೋನ್ ಲೆಕ್ಕ. ಮಾತಿನ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಗೂ 8 ಬಿಟ್ ಕೊಟ್ಟರೆ 64 ಕೆಬಿಪಿಎಸ್. ಅಂಥ 32 ಸೇರಿದರೆ ಒಂದು ಇ-ಒನ್, 2.048 ಎಂಬಿಪಿಎಸ್. 63 ಇ-ಒನ್‌ಗಳನ್ನು ಹೊರುವ ಎಸ್‌ಟಿಎಂ-1ರ ವೇಗ 155.52, ಅಮೆರಿಕದಲ್ಲಿ ಅದಕ್ಕೆ ಓಸಿ-3 ಎನ್ನುತ್ತಾರೆ. ಅಂಕಿ ವಿಚಿತ್ರ ಎನಿಸಿದರೆ ಕಾಗದ ತೆಗೆದುಕೊಳ್ಳಿ: 9 ಅಡ್ಡಸಾಲು, 270 ಅಂಕಣ, ಮನೆಗೊಂದು ಬೈಟಿನಂತೆ 8 ಬಿಟ್, ಸೆಕೆಂಡಿಗೆ 8,000 ಸಲ. ಗುಣಿಸಿದರೆ ಚುಕ್ಕೆ ತಪ್ಪದೆ 15,55,20,000 ಬರುತ್ತದೆ. ಇಂದಿಗೂ ನನಗೆ ಇದು ಚೆಂದದ ಲೆಕ್ಕ.

ದುಂಡಗಿನ ಈಥರ್ನೆಟ್ಟನ್ನು ಈ ಚೌಕಟ್ಟಿಗೆ ಕೂರಿಸುವಾಗಲೇ ನಿಜವಾದ ವ್ಯತ್ಯಾಸ ಕಾಣುವುದು. 155.52ರಲ್ಲಿ ಡೇಟಾ ತುಂಬುವ ಡಬ್ಬಿಗೆ, ಅಂದರೆ ಕಂಟೇನರಿಗೆ, ದಕ್ಕುವುದು 149.76, ಮಿಕ್ಕದ್ದು ಲೈನಿನ ನಿಗಾಕ್ಕೆ. ಒಂದು ಪೂರ್ತಿ ಗಿಗಾಬಿಟ್ ಸಾಗಿಸಲು ಇಂಥ ಏಳು ಕಂಟೇನರ್ ಕಟ್ಟಬೇಕು. 2,488.32ರ ಎಸ್‌ಟಿಎಂ-16ರಲ್ಲಿ ಇರುವುದು ಹದಿನಾರೇ ಕಂಟೇನರ್, ಆದ್ದರಿಂದ ಪೂರ್ತಿ ಗಿಗಾಬಿಟ್ ಲೈನುಗಳು ಎರಡೇ ಹಿಡಿಯುತ್ತವೆ. ಹತ್ತು ಗಿಗಾ ಎಂದು ಎಲ್ಲರೂ ಕರೆಯುವ ಎಸ್‌ಟಿಎಂ-64ರಲ್ಲಿ ಹತ್ತು ಹಿಡಿಯುವುದಿಲ್ಲ, ಒಂಬತ್ತಕ್ಕೇ ಮುಗಿಯುತ್ತದೆ. ಹೆಸರಿನ ಅಂಕಿ ನೋಡಿ ಭಾಗಾಕಾರ ಮಾಡುವವರಿಗೆ ಇದು ಹೊಳೆಯುವುದಿಲ್ಲ.

ಈಗ ಮನೆಮನೆಗೆ ಬರುತ್ತಿರುವ ಫೈಬರ್ ಹೆಚ್ಚಾಗಿ ಜಿಪಾನ್. ಅದರ ಇಳಿವೇಗ ಎಷ್ಟು ಗೊತ್ತೇ? ಅದೇ 2,488.32. ಏರುವೇಗ ಅದರ ಅರ್ಧ, 1,244.16. ಲ್ಯಾಂಡ್‌ಲೈನ್ ಕಿತ್ತು ಬಿಸಾಕಿದ ಮನೆಯ ಗೋಡೆಯಲ್ಲೂ ಸೆಕೆಂಡಿಗೆ 8,000 ಚೌಕಟ್ಟುಗಳು ಬಂದಿಳಿಯುತ್ತಿವೆ. ಬೀದಿಯ ಪೆಟ್ಟಿಗೆಯೊಳಗಿನ ಸ್ಪ್ಲಿಟರ್ ಆ ಒಂದು ಫೈಬರನ್ನು 32 ಮನೆಗೆ ಒಡೆದಿದ್ದರೆ, ಎಲ್ಲರೂ ಒಟ್ಟಿಗೆ ಎಳೆದಾಗ ಪಾಲಿಗೆ 77.76 ಎಂಬಿಪಿಎಸ್. 64ಕ್ಕೆ ಒಡೆದಿದ್ದರೆ 38.88, ಅಂದರೆ ಸೆಕೆಂಡಿಗೆ ಐದು ಮೆಗಾಬೈಟೂ ಇಲ್ಲ. ಎಲ್ಲ ಮನೆಯವರೂ ಒಂದೇ ಕ್ಷಣದಲ್ಲಿ ಎಳೆಯುವುದು ಅಪರೂಪ, ಹಂಚದೆ ಈ ದರಕ್ಕೆ ಫೈಬರ್ ಕೊಡಲೂ ಆಗದು. ಹಂಚಿಕೆ ತಪ್ಪಲ್ಲ. ಹಂಚಿದ್ದನ್ನು ಹೇಳದೇ ಇರುವುದು ತಪ್ಪು.

ಪಟ್ಟಣಕ್ಕಿಂತ ಹಳ್ಳಿಗೆ ಇದು ಹೆಚ್ಚು ಮುಖ್ಯ. 2011ರಲ್ಲಿ ಮಂಜೂರಾಗಿ ಆಮೇಲೆ ಭಾರತ್‌ನೆಟ್ ಎಂದಾದ ಯೋಜನೆಯ ಗುರಿ ಪ್ರತಿ ಗ್ರಾಮ ಪಂಚಾಯಿತಿಗೆ 100 ಎಂಬಿಪಿಎಸ್. ಶಾಲೆ, ಆರೋಗ್ಯ ಕೇಂದ್ರ, ಪಂಚಾಯಿತಿ ಕಚೇರಿ ಎಲ್ಲಕ್ಕೂ ಸೇರಿ ಅದು ಸೆಕೆಂಡಿಗೆ 11.9 ಮೆಗಾಬೈಟ್ ಎಂದು ಸದಸ್ಯರಿಗೆ ತಿಳಿದಿದ್ದರೆ, ಸಾಲದ ದಿನ ಏನನ್ನು ಕೇಳಬೇಕೆಂದೂ ತಿಳಿಯುತ್ತದೆ. ಸರ್ಕಾರ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಒಳ್ಳೆಯದೇ. ಬೈಟಿನಲ್ಲಿ ಅದು ಕಾಲು ಮೆಗಾಬೈಟ್. 700 ಎಂಬಿಯ ಒಂದು ಪಾಠದ ವಿಡಿಯೊ ಇಳಿಯಲು ಮುಕ್ಕಾಲು ಗಂಟೆ ಬೇಕು.

ಕನಿಷ್ಠ ವೇಗ ನಿಗದಿ ಮಾಡಬಲ್ಲ ಸರ್ಕಾರಕ್ಕೆ ಬಿಲ್ಲಿನಲ್ಲಿ ಒಂದು ಸಾಲು ಸೇರಿಸಿರಿ ಎಂದು ಹೇಳುವುದು ದೊಡ್ಡದಲ್ಲ: "100 ಎಂಬಿಪಿಎಸ್, ಸೆಕೆಂಡಿಗೆ ಸುಮಾರು 11.9 ಮೆಗಾಬೈಟ್, 2,488 ಎಂಬಿಪಿಎಸ್ ಫೈಬರಿನಲ್ಲಿ 32 ಮನೆಗಳ ಪಾಲು." ಕನ್ನಡದ ಬಿಲ್ಲಿನಲ್ಲಿ ಕನ್ನಡದಲ್ಲೇ, ಮೊದಲ ಪುಟದಲ್ಲೇ, ಮೊತ್ತದ ಅಕ್ಷರದಷ್ಟೇ ದಪ್ಪಕ್ಕೆ.