ಪಟ್ಟಿಯಲ್ಲೇ ಇಲ್ಲದವರನ್ನು ವಿಚಾರಿಸುವವರು ಯಾರು?

ಮಕ್ಕಳೇ, ಈ ಸಲ ಹಬ್ಬದ ವಿಷಯವೂ ಅಲ್ಲ, ಅಡಿಗೆಯ ವಿಷಯವೂ ಅಲ್ಲ, ನಿಮ್ಮದೇ ವಿಷಯ. ಹಿಂಜವಡಿ, ಖರಾಡಿ, ಮಗರಪಟ್ಟಾ ಎಂದು ದಿನಾ ಓಡುವ ನಿಮ್ಮಲ್ಲಿ ಅನೇಕರು, "ನಮ್ಮ ಕೆಲಸ ಏನು ಅಂತ ಅಮ್ಮನಿಗೆ ಹೇಳೋಕಾಗಲ್ಲ, ಕನ್ನಡದಲ್ಲಂತೂ ಆಗೋದೇ ಇಲ್ಲ" ಎನ್ನುತ್ತೀರಿ. ಆಗುತ್ತದೆಯೋ ಇಲ್ಲವೋ ನೋಡೋಣ. ವಿಷಯದ ಹೆಸರು ಸರ್ವಿಸ್ ಡಿಸ್ಕವರಿ. ಯಾರು ಯಾರು ಎಲ್ಲೆಲ್ಲಿದ್ದಾರೆ ಎಂಬುದನ್ನು ಯಂತ್ರ ತಾನಾಗಿಯೇ ಪತ್ತೆ ಹಚ್ಚಿಕೊಳ್ಳುವುದು, ಅಷ್ಟೇ.

ಪುಣೆಯಲ್ಲಿ ಬಾಡಿಗೆ ಮನೆಯ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಯುಗಾದಿಗೆ ಅಚ್ಚು ಹಾಕಿಸಿದ ಸದಸ್ಯರ ವಿಳಾಸಪಟ್ಟಿ ದಸರೆಯ ಹೊತ್ತಿಗೆ ಹಳಸಿರುತ್ತದೆ. ಕೊಥ್ರೂಡಿನವರು ವಾಕಡಕ್ಕೆ ಹೋಗಿರುತ್ತಾರೆ, ಅಂಚೆಯವನು ಪತ್ರಿಕೆ ವಾಪಸ್ ತರುತ್ತಾನೆ. ನಿಮ್ಮ ಕಂಟೇನರುಗಳಿಗೆ 11 ತಿಂಗಳೂ ಇಲ್ಲ. ಒಂದು ಬೆಳಿಗ್ಗೆ ಹುಟ್ಟಿ ಮಧ್ಯಾಹ್ನ ಸಾಯುತ್ತದೆ, ಅದರ ಜಾಗಕ್ಕೆ ಬಂದದ್ದಕ್ಕೆ ಬೇರೆಯೇ ವಿಳಾಸ. 2013ರಲ್ಲಿ ಡಾಕರ್ ಬಂತು. ಮರುವರ್ಷವೇ ಗೂಗಲ್‌ನವರು ಕುಬರ್ನೆಟೀಸ್ ಅನ್ನು ಲೋಕಕ್ಕೆ ಕೊಟ್ಟರು. ಅದು ಗ್ರೀಕ್ ಪದ. ಅರ್ಥ ಹಡಗಿನ ಚುಕ್ಕಾಣಿ ಹಿಡಿದವನು, ನಮ್ಮ ಮಾತಿನಲ್ಲಿ ಅಂಬಿಗ. ಹುಟ್ಟುಸಾವುಗಳ ಲೆಕ್ಕವೆಲ್ಲ ಈ ಅಂಬಿಗನ ಕೈಯಲ್ಲಿ.

ಆರೋಗ್ಯ ವಿಚಾರಿಸುವವನು ಇನ್ನೊಬ್ಬ, ಅವನ ಹೆಸರು ಪ್ರೊಮಿಥಿಯಸ್. ಬರ್ಲಿನ್ನಿನ ಸೌಂಡ್‌ಕ್ಲೌಡ್ ಎಂಬ ಸಂಗೀತದ ಕಂಪನಿಯಲ್ಲಿ 2012ರಲ್ಲಿ ಶುರುವಾದ ತಂತ್ರಾಂಶ ಇದು. (ಬಿ.ಎ.ಗೆ ಶೆಲ್ಲಿಯನ್ನು ಓದಿದ ನನಗೆ, ದೇವತೆಗಳಿಂದ ಬೆಂಕಿ ಕದ್ದವನ ಹೆಸರನ್ನು ಕಾವಲುಗಾರನಿಗೆ ಇಟ್ಟಿದ್ದಾರಲ್ಲ ಎಂದು ನಗು ಬಂತು!) ಇವನ ಗುಣ ಏನೆಂದರೆ, ಸುದ್ದಿ ಬರಲಿ ಎಂದು ಕಾಯುವುದಿಲ್ಲ. ತಾನೇ ಹದಿನೈದು ಸೆಕೆಂಡಿಗೋ ನಿಮಿಷಕ್ಕೋ ಒಮ್ಮೆ ಪ್ರತಿ ಬಾಗಿಲು ತಟ್ಟಿ "ಹೇಗಿದ್ದೀಯಪ್ಪಾ?" ಎಂದು ಕೇಳಿ ಬರೆದುಕೊಳ್ಳುತ್ತಾನೆ. ಬಾಗಿಲು ತಟ್ಟಬೇಕಾದರೆ ಬಾಗಿಲು ಎಲ್ಲಿದೆ ಎಂದು ಗೊತ್ತಿರಬೇಕಲ್ಲವೇ?

ಇಲ್ಲೊಂದು ಪ್ರಶ್ನೆ ಬರುತ್ತದೆ. ಕುಬರ್ನೆಟೀಸಿನಲ್ಲಿ ಸರ್ವಿಸ್ ಎಂಬ ಸ್ಥಿರವಾದ ಹೆಸರು ಇದ್ದೇ ಇದೆಯಲ್ಲ, ಅದನ್ನೇ ಕೇಳಿದರೆ ಸಾಲದೇ? ನಮ್ಮ ಪೇಠೆಗಳನ್ನು ನೆನೆಸಿಕೊಳ್ಳಿ. ಮನೆ ನಂಬರು ಯಾರಿಗೆ ಬೇಕು? ಜಿಲ್ಬ್ಯಾ ಮಾರುತಿ, ಸೋನ್ಯಾ ಮಾರುತಿ, ಖುನ್ಯಾ ಮುರಳೀಧರ ಎಂದರೆ ಸಾಕು, ರಿಕ್ಷಾದವನು ಕರೆದೊಯ್ಯುತ್ತಾನೆ. ಆದರೆ ಆ ಮಾರುತಿಯ ಹಿಂದಿನ ವಾಡೆಯಲ್ಲಿ ಹತ್ತು ಸಂಸಾರಗಳಿವೆ ಎನ್ನಿ. ನೀವು ಹೊರಗೆ ನಿಂತು ಕೂಗಿದರೆ ಪ್ರತಿ ಸಲ ಯಾರೋ ಒಬ್ಬರು ಓಗೊಡುತ್ತಾರೆ. ಒಳಗೆ ಒಂಬತ್ತನೆಯ ಮನೆಯ ಅಜ್ಜಿ ಜ್ವರ ಬಂದು ಮಲಗಿರುವುದು ತಿಳಿಯುವುದಿಲ್ಲ. ಸರ್ವಿಸ್‌ನ ಹೆಸರೂ ಹಾಗೆಯೇ. ಕೆಲಸ ಒಪ್ಪಿಸಲು ಸಾಕು, ಆರೋಗ್ಯ ವಿಚಾರಿಸಲು ಸಾಲದು. ಅದಕ್ಕೆ ಒಂದೊಂದು ಪಾಡ್‌ನ ವಿಳಾಸವೂ ಬೇಕು.

ಆ ವಿಳಾಸಗಳನ್ನು ಕೊಡುವ ದಾರಿ ಹಲವು. ಕೈಯಿಂದ ಬರೆದಿಟ್ಟರೆ ಅದು ಸ್ಟ್ಯಾಟಿಕ್ ಕಾನ್ಫಿಗ್, ನಮ್ಮ ಯುಗಾದಿ ಪಟ್ಟಿಯಂತೆ. ಬದಲಾದಾಗಲೆಲ್ಲ ಪ್ರೊಮಿಥಿಯಸ್ ತಾನೇ ಮತ್ತೆ ಓದುವ ಕಡತ ಇಟ್ಟರೆ ಅದು ಫೈಲ್ ಎಸ್‌ಡಿ. ಕಾನ್ಸುಲ್ ಎಂಬ ನೋಂದಣಿ ಪುಸ್ತಕದಲ್ಲಿ ಬಂದವರು ಹೆಸರು ಬರೆಸುವ ಪದ್ಧತಿಯೂ ಉಂಟು. ಇಲ್ಲವೇ ಅಂಬಿಗನನ್ನೇ ಕೇಳಬಹುದು. ಹಾಗೆ ಕೇಳಲು ಅನುಮತಿ ಬೇಕು, ಪಾಡ್‌ಗಳನ್ನು ಪಟ್ಟಿ ಮಾಡುವ, ಗಮನಿಸುವ ಹಕ್ಕು. ಅದನ್ನು ಕೊಡದಿದ್ದರೆ ಲಾಗ್‌ನ ಯಾವುದೋ ಮೂಲೆಯಲ್ಲಿ "ಫರ್ಬಿಡನ್" ಎಂದು ಬರೆದು ಸುಮ್ಮನಾಗುತ್ತದೆ. ಇನ್ನೊಂದು ಮಾತು. ಪಾಡ್‌ನ ಮೇಲೆ "ಸ್ಕ್ರೇಪ್: ಟ್ರೂ" ಎಂಬ ಚೀಟಿ ಅಂಟಿಸಿದರೆ ಆಯಿತು ಎಂದು ಎಷ್ಟೋ ಜನ ತಿಳಿದಿದ್ದಾರಂತೆ. ಆ ಚೀಟಿಗೆ ಸ್ವಂತ ಶಕ್ತಿಯಿಲ್ಲ. ಅದು ಬರಿಯ ರೂಢಿ. ಚೀಟಿ ನೋಡಿ ಒಳಗೆ ಬಿಡು ಎಂಬ ರೀಲೇಬಲ್ ನಿಯಮವನ್ನು ನೀವೇ ಬರೆದಿರಬೇಕು.

ಈಗ ನನ್ನನ್ನು ನಿಜವಾಗಿ ಕಾಡಿದ ಸಂಗತಿಗೆ ಬರುತ್ತೇನೆ. ಪಟ್ಟಿಯಲ್ಲಿದ್ದು ಬಾಗಿಲು ತೆರೆಯದಿದ್ದರೆ "ಅಪ್" ಎಂಬ ಲೆಕ್ಕ ಸೊನ್ನೆಯಾಗುತ್ತದೆ, ಗಂಟೆ ಬಾರಿಸುತ್ತದೆ. ಪಟ್ಟಿಯಿಂದಲೇ ಬಿಟ್ಟುಹೋದರೆ? ಸೊನ್ನೆಯೂ ಇಲ್ಲ, ಆ ಸಾಲೇ ಇಲ್ಲ. ಗಂಟೆ ಬಾರಿಸುವುದಿಲ್ಲ. ಪರದೆಯ ಮೇಲೆ ಎಲ್ಲ ಹಸಿರು.

2021ರ ಏಪ್ರಿಲ್ ನಿಮಗೆ ನೆನಪಿರಬೇಕು. ಪುಣೆಯಲ್ಲಿ ಆಸ್ಪತ್ರೆ ಹಾಸಿಗೆಗಳ ಡ್ಯಾಶ್‌ಬೋರ್ಡ್ ಇತ್ತು. ಆದರೂ ಹುಡುಗ ಹುಡುಗಿಯರು ರಾತ್ರಿಯಿಡೀ ಒಂದೊಂದೇ ಆಸ್ಪತ್ರೆಗೆ ಫೋನ್ ಹಚ್ಚಿ, "ಆಕ್ಸಿಜನ್ ಬೆಡ್ ಇದೆಯಾ?" ಎಂದು ಕೇಳಿ ವಾಟ್ಸಾಪಿನಲ್ಲಿ ಹಂಚುತ್ತಿದ್ದರು. ಪ್ರೊಮಿಥಿಯಸ್ ಮಾಡುವುದೂ ಅದನ್ನೇ. ಕೇಳಿ ತಿಳಿಯುವುದು ಕಾದು ತಿಳಿಯುವುದಕ್ಕಿಂತ ಮೇಲು ಎಂದು ನನಗೆ ಖಾತ್ರಿಯಾದದ್ದು ಆಗಲೇ. ಆದರೆ ಫೋನ್ ಪಟ್ಟಿಗೇ ಸೇರದ ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಹಾಸಿಗೆ ಖಾಲಿಯಿದ್ದರೂ ಯಾರಿಗೆ ತಿಳಿಯಬೇಕು? "ಇಲ್ಲ" ಎಂಬ ಉತ್ತರವಾದರೂ ಬಂದರೆ ಮುಂದಿನ ನಂಬರಿಗೆ ಹೋಗಬಹುದು.

ಷೇರುಪೇಟೆಯ ಕೆಲಸವೂ ಹೀಗೆ ಬಿಗಿಯಾದದ್ದು. ಬೆಂಗಳೂರಿನ ಝೆರೋಧಾ ಕಂಪನಿಯವರು ಪ್ರೊಮಿಥಿಯಸ್ಸನ್ನು ಹೇಗೆ ಕಾವಲಿಗೆ ಇಟ್ಟಿದ್ದೇವೆಂದು ತಾವೇ ಬರೆದು ಪ್ರಕಟಿಸಿದ್ದಾರೆ. ಬೆಳಿಗ್ಗೆ 9.15ಕ್ಕೆ ವಹಿವಾಟು ತೆರೆದ ಕ್ಷಣವೇ ಲಕ್ಷಗಟ್ಟಲೆ ಜನ ನುಗ್ಗುವ ಕಡೆ, ನಿನ್ನೆ ಸಂಜೆಯ ಪಟ್ಟಿ ಇಟ್ಟುಕೊಂಡು ಕುಳಿತರೆ ಗತಿಯೇನು?

ಮಾಡಬೇಕಾದದ್ದು ಬಹಳವಿಲ್ಲ. ಸೊನ್ನೆಯಾದಾಗ ಬಾರಿಸುವ ಗಂಟೆಯ ಪಕ್ಕದಲ್ಲಿ, ಸಾಲೇ ಕಾಣದಾದಾಗ ಬಾರಿಸುವ ಇನ್ನೊಂದನ್ನು ಕಟ್ಟಿ. ಅದಕ್ಕೆ "ಆಬ್ಸೆಂಟ್" ಎಂಬ ಸೂತ್ರವಿದೆ, ಶಾಲೆಯ ಹಾಜರಿಯ ಹಾಗೆ. ಆದರೆ ಅದಕ್ಕೆ ಯಾರ ಹೆಸರು ಕರೆಯಬೇಕೆಂದು ನೀವೇ ಬರೆದುಕೊಡಬೇಕು. ಆಮೇಲೆ ಸೋಮವಾರ ಆಫೀಸಿಗೆ ಹೋದಾಗ ಪ್ರೊಮಿಥಿಯಸ್‌ನ ಸರ್ವಿಸ್ ಡಿಸ್ಕವರಿ ಪುಟ ತೆರೆದು ನೋಡಿ. ಪತ್ತೆಯಾದವು ಎಷ್ಟು, ಅದರಲ್ಲಿ ಕೈಬಿಟ್ಟವು ಎಷ್ಟು ಎಂದು ಅಲ್ಲೇ ಇರುತ್ತದೆ. ಕೈಬಿಟ್ಟವುಗಳ ಹೆಸರನ್ನು ಒಂದೊಂದಾಗಿ ಓದಿ, ನಿಮಗೆ ಬೇಕಾದದ್ದು ಯಾವುದಾದರೂ ಅಲ್ಲಿ ಸೇರಿದೆಯೇ ನೋಡಿ. ಸಿಕ್ಕರೆ ನನಗೆ ನಾಲ್ಕು ಸಾಲು ಬರೆಯಿರಿ, ಕನ್ನಡದಲ್ಲೇ. ತಪ್ಪುಗಳನ್ನು ನಾನು ತಿದ್ದಿಕೊಳ್ಳುತ್ತೇನೆ.