ಬೀರುವಿನಲ್ಲಿದ್ದ ಲೈಸೆನ್ಸ್

ನನ್ನ ಅಕ್ಕನ ಮನೆ ಬೆಂಗಳೂರಿನ ಶ್ರೀರಾಂಪುರದಲ್ಲಿದೆ. ಹಳೆಯ ಬಡಾವಣೆ, ಕಿರಿದಾದ ಓಣಿಗಳು. ಒಂದು ಬದಿಯಲ್ಲಿ ಬೈಕ್‌ಗಳ ಸಾಲು, ಇನ್ನೊಂದು ಬದಿಯಲ್ಲಿ ತರಕಾರಿ ಗಾಡಿ. ನಡುವೆ ಉಳಿದ ಜಾಗದಲ್ಲೇ ಆಟೋ, ಶಾಲೆಗೆ ಹೋಗುವ ಮಕ್ಕಳು, ನೀರಿನ ಟ್ಯಾಂಕರ್ ಎಲ್ಲವೂ ಸಾಗಬೇಕು.

ಕಳೆದ ವರ್ಷ ಒಂದು ರಾತ್ರಿ ಅಕ್ಕನ ಅತ್ತೆಗೆ ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾಯಿತು. ಭಾವ ವ್ಯಾಪಾರದ ಕೆಲಸಕ್ಕಾಗಿ ತುಮಕೂರಿಗೆ ಹೋಗಿದ್ದರು. ಆಟೋ ಸಿಗಲಿಲ್ಲ. ಮಲ್ಲೇಶ್ವರಂನ ಕೆ.ಸಿ. ಜನರಲ್ ಆಸ್ಪತ್ರೆ ಹೆಚ್ಚು ದೂರವೇನಲ್ಲ. ಭಾವನ ಹಳೆಯ ಕಾರು ಬಾಗಿಲ ಮುಂದೆಯೇ ನಿಂತಿತ್ತು. ಅಕ್ಕನ ಬಳಿ ನಾಲ್ಕು ವರ್ಷಗಳಿಂದ ಡ್ರೈವಿಂಗ್ ಲೈಸೆನ್ಸ್ ಕೂಡಾ ಇತ್ತು. ಆದರೆ ಅದು ಬೀರುವಿನೊಳಗೆ ಮಕ್ಕಳ ಜನನ ಪ್ರಮಾಣಪತ್ರಗಳ ನಡುವೆ ಭದ್ರವಾಗಿತ್ತು! ಲೈಸೆನ್ಸ್ ಸಿಕ್ಕಿದ ಹೊಸತರಲ್ಲಿ ಓಕಳಿಪುರದ ಅಂಡರ್‌ಪಾಸ್‌ನ ಏರಿನಲ್ಲಿ ಅವಳ ಕಾರು ಮೂರು ಸಲ ನಿಂತುಹೋಗಿತ್ತು. ಹಿಂದಿನವರ ಹಾರ್ನ್, ಬೈಗುಳ. ಅಂದಿನಿಂದ ಅವಳು ಸ್ಟಿಯರಿಂಗ್ ಮುಟ್ಟಿರಲಿಲ್ಲ.

ಆ ರಾತ್ರಿ ಧೈರ್ಯ ಮಾಡಿ ಕೀಲಿ ತಿರುಗಿಸಿದಳು. ಕ್ಲಚ್ ಬಿಟ್ಟ ಕೂಡಲೇ ಇಂಜಿನ್ ಆಫ್. ಇನ್ನೊಮ್ಮೆ ಪ್ರಯತ್ನಿಸಿದಳು, ಮತ್ತೆ ಆಫ್. ಕೊನೆಗೆ ಪಕ್ಕದ ಮನೆಯ ಹುಡುಗನನ್ನು ನಿದ್ದೆಯಿಂದ ಎಬ್ಬಿಸಬೇಕಾಯಿತು. ಅಲ್‌ಹಮ್ದುಲಿಲ್ಲಾಹ್, ಸಕಾಲಕ್ಕೆ ಆಸ್ಪತ್ರೆ ತಲುಪಿದರು, ಅತ್ತೆ ಗುಣಮುಖರಾದರು. ಆದರೆ ಆ ಅರ್ಧ ಗಂಟೆಯನ್ನು ಅಕ್ಕ ಇಂದಿಗೂ ಮರೆತಿಲ್ಲ.

ಕೆಲವು ತಿಂಗಳ ಬಳಿಕ ಹಳೆಯ ಕಾರನ್ನು ಮಾರಿ ಇನ್ನೊಂದನ್ನು ಕೊಳ್ಳುವ ಮಾತು ಬಂತು. ಬಡ್ಡಿ ಸಾಲದ ಸಹವಾಸ ಬೇಡ, ಕೈಯಲ್ಲಿರುವ ಉಳಿತಾಯದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಸಾಕು ಎಂಬುದರಲ್ಲಿ ಮನೆಯವರೆಲ್ಲರೂ ಒಂದೇ. ಭಿನ್ನಾಭಿಪ್ರಾಯ ಬಂದದ್ದು ಗೇರಿನ ವಿಷಯದಲ್ಲಿ. "ಗೇರ್ ಹಾಕುವ ಕಾರೇ ಒಳ್ಳೆಯದು. ರಿಪೇರಿ ಅಗ್ಗ, ಮೈಲೇಜ್ ಜಾಸ್ತಿ, ಮಾರುವಾಗಲೂ ಸುಲಭ" ಎಂದರು ಭಾವ. ಅಕ್ಕ ಸುಮ್ಮನಿದ್ದಳು. ಮಾತನಾಡಿದವರು ಅತ್ತೆ: "ಬೇಟಾ, ನೀನು ಅಂಗಡಿಗೆ ಬೈಕಿನಲ್ಲಿ ಹೋಗುತ್ತಿ. ಮಕ್ಕಳನ್ನು ಶಾಲೆಗೆ, ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವಳು ಇವಳು. ಕಾರು ಓಡಿಸುವವಳನ್ನು ಕೇಳದೆ ಕಾರು ಕೊಳ್ಳುತ್ತಾರೆಯೇ?"

ಸಹೋದರಿಯರೇ, ಈ ತಿಂಗಳು ನಾನು ಹೇಳಹೊರಟಿರುವುದು ಇದನ್ನೇ. ಆಟೋಮ್ಯಾಟಿಕ್ ಉತ್ತಮವೇ, ಮ್ಯಾನುವಲ್ ಉತ್ತಮವೇ ಎಂಬುದು ಎರಡನೆಯ ಪ್ರಶ್ನೆ. ಅದನ್ನು ದಿನವೂ ಓಡಿಸುವವರು ಯಾರು, ಯಾವ ರಸ್ತೆಯಲ್ಲಿ ಎಂಬುದು ಮೊದಲ ಪ್ರಶ್ನೆ.

ವ್ಯತ್ಯಾಸವೇನು?

ಮ್ಯಾನುವಲ್ ಕಾರಿನಲ್ಲಿ ಮೂರು ಪೆಡಲ್‌ಗಳಿವೆ. ಎಡಗಾಲಿನ ಕ್ಲಚ್ ಒತ್ತಿದಾಗ ಇಂಜಿನ್‌ಗೂ ಗೇರ್ ಬಾಕ್ಸ್‌ಗೂ ಇರುವ ಸಂಬಂಧ ಕಡಿಯುತ್ತದೆ. ಆಗ ಗೇರ್ ಬದಲಾಯಿಸಿ ಮೆಲ್ಲನೆ ಕ್ಲಚ್ ಬಿಡಬೇಕು. ಖಾಲಿ ರಸ್ತೆಯಲ್ಲಿ ಇದು ಕಷ್ಟವೇನಲ್ಲ. ಆದರೆ ಬೆಂಗಳೂರಿನ ದಟ್ಟಣೆಯಲ್ಲಿ? ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದ ಪ್ರಕಾರ, ಬೆಂಗಳೂರಿನ ನಗರಕೇಂದ್ರದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಿತ್ತು. ಅಷ್ಟು ಹೊತ್ತು ಎಡಗಾಲು ಕ್ಲಚ್ ಒತ್ತುತ್ತಾ ಬಿಡುತ್ತಾ ಇರಬೇಕು. ಮಂಡಿ ನೋವಿರುವವರಿಗೆ ಇದು ದೊಡ್ಡ ಶಿಕ್ಷೆ.

ಆಟೋಮ್ಯಾಟಿಕ್‌ನಲ್ಲಿ ಎರಡೇ ಪೆಡಲ್: ಬ್ರೇಕ್ ಮತ್ತು ಎಕ್ಸಲರೇಟರ್. ಎರಡಕ್ಕೂ ಬಲಗಾಲು ಮಾತ್ರ. ಗಲ್ಫ್‌ನಲ್ಲಿರುವ ನಮ್ಮ ಬಂಧುಗಳಿಗೆ ಇದು ಹೊಸತಲ್ಲ, ಅಲ್ಲಿನ ಹೆಚ್ಚಿನ ಕಾರುಗಳು ಹೀಗೆಯೇ ಇವೆ. 2018ರ ಜೂನ್ 24ರಂದು ಸೌದಿ ಅರೇಬಿಯಾದಲ್ಲಿ ಮಹಿಳೆಯರ ವಾಹನ ಚಾಲನೆಯ ಮೇಲಿದ್ದ ನಿಷೇಧ ತೆರವಾದಾಗ ಸ್ಟಿಯರಿಂಗ್ ಹಿಡಿದ ಅನೇಕ ಸಹೋದರಿಯರು ಕ್ಲಚ್‌ನ ಗೊಡವೆಯಿಲ್ಲದೆಯೇ ಚಾಲನೆ ಕಲಿತರು.

ನಮ್ಮಲ್ಲಿ ಇದು ಬಹುಕಾಲ ಸಿರಿವಂತರ ಸೊತ್ತಾಗಿತ್ತು. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಎಂಬ ಅಗ್ಗದ ವ್ಯವಸ್ಥೆಯೊಂದಿಗೆ ಬಂತು. ಬಳಿಕ ಆಲ್ಟೊ ಕೆ10, ವ್ಯಾಗನ್ ಆರ್ ಮುಂತಾದ ಸಣ್ಣ ಕಾರುಗಳಿಗೂ ಅದು ಬಂತು. ಇಂದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಮಧ್ಯಮ ವರ್ಗದವರ ಕೈಗೆಟಕುವ ಆಟೋಮ್ಯಾಟಿಕ್ ಕಾರು ಸಿಗಲು ಇದೂ ಒಂದು ಕಾರಣ.

ಎಲ್ಲ ಆಟೋಮ್ಯಾಟಿಕ್ ಒಂದೇ ಅಲ್ಲ

ಎಎಂಟಿಯಲ್ಲಿ ಇರುವುದು ಮ್ಯಾನುವಲ್ ಗೇರ್ ಬಾಕ್ಸ್ ಮತ್ತು ಕ್ಲಚ್ಚೇ. ನಮ್ಮ ಕಾಲು ಮತ್ತು ಕೈ ಮಾಡುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೆ. ಮೈಲೇಜ್ ಹೆಚ್ಚು ಕಡಿಮೆ ಮ್ಯಾನುವಲ್‌ನಷ್ಟೇ. ಗೇರ್ ಬದಲಾಗುವಾಗ ತಲೆ ತುಸು ಮುಂದಕ್ಕೆ ಬಾಗಿದಂತಾಗುತ್ತದೆ. ಕ್ಲಚ್ ಇದರಲ್ಲೂ ಸವೆಯುತ್ತದೆ.

ಹಳೆಯ ಸ್ಯಾಂಟ್ರೊ, ಐ10ಗಳ ಆಟೋಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಎಣ್ಣೆಯ ಮೂಲಕ ಶಕ್ತಿ ಸಾಗುವುದರಿಂದ ಓಟ ನಯ. ಆದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಹೋಂಡಾದ ಸಿಟಿ, ಜಾಝ್‌ಗಳಲ್ಲಿ ಬಂದ ಸಿವಿಟಿಯಲ್ಲಿ ಎರಡು ರಾಟೆಗಳ ನಡುವೆ ಒಂದು ಪಟ್ಟಿ ತಿರುಗುತ್ತದೆ. ದಟ್ಟಣೆಯಲ್ಲಿ ಬಹಳ ಹಿತ, ಕೆಟ್ಟರೆ ರಿಪೇರಿ ದುಬಾರಿ. ಎರಡು ಕ್ಲಚ್‌ಗಳಿರುವ ಡಿಸಿಟಿ ಎಂಬುದೂ ಇದೆ. ಸರ್ವಿಸ್ ದಾಖಲೆಗಳಿಲ್ಲದ ಹಳೆಯ ಡಿಸಿಟಿಯಿಂದ ದೂರವಿರುವುದೇ ಕ್ಷೇಮ. ಅದರ ಒಂದು ರಿಪೇರಿ ಮನೆಯ ಹಲವು ತಿಂಗಳ ಖರ್ಚನ್ನು ನುಂಗಬಹುದು.

ಭಾವನ ಮಾತಿನಲ್ಲೂ ಸತ್ಯವಿದೆ. ಮ್ಯಾನುವಲ್ ಕಾರಿನ ಕ್ಲಚ್ ಪ್ಲೇಟ್ ಬದಲಾಯಿಸುವುದು ಗಲ್ಲಿಯ ಮೆಕ್ಯಾನಿಕ್‌ಗೂ ಗೊತ್ತು. ಬ್ಯಾಟರಿ ಇಳಿದರೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಬಹುದು. ಆಟೋಮ್ಯಾಟಿಕ್‌ನಲ್ಲಿ ಆ ಸೌಕರ್ಯವಿಲ್ಲ. ಮನೆಯಲ್ಲಿ ಓಡಿಸುವವರಿಗೆಲ್ಲ ಕ್ಲಚ್ ಅಭ್ಯಾಸವಾಗಿದ್ದರೆ, ಹೆಚ್ಚಿನ ಓಡಾಟ ಹಳ್ಳಿ, ಹೆದ್ದಾರಿಗಳಲ್ಲಿದ್ದರೆ, ಕಡಿಮೆ ಬೆಲೆಯ ಒಳ್ಳೆಯ ಮ್ಯಾನುವಲ್ ಕಾರೇ ಜಾಣತನ. ಅಕ್ಕನಂತೆ ಪಟ್ಟಣದ ದಟ್ಟಣೆಯಲ್ಲೇ ಓಡಾಡುವವರಿಗೆ, ಕ್ಲಚ್‌ನ ಭಯದಿಂದ ಕಾರು ಮುಟ್ಟದವರಿಗೆ ಆಟೋಮ್ಯಾಟಿಕ್ ಶೋಕಿಯಲ್ಲ, ಅಗತ್ಯ. ಹೇಗೂ ನಮ್ಮ ಲೈಸೆನ್ಸ್‌ನಲ್ಲಿ ಗೇರ್ ಇರುವ, ಗೇರ್ ಇಲ್ಲದ ಎಂಬ ಭೇದ ದ್ವಿಚಕ್ರ ವಾಹನಗಳಿಗೆ ಮಾತ್ರ. ಕಾರಿನ ಲೈಸೆನ್ಸ್ ಎರಡಕ್ಕೂ ಸಲ್ಲುತ್ತದೆ.

ಒದ್ದೆ ಧಾನ್ಯ

ಅಕ್ಕ ಮತ್ತು ಭಾವ ಎರಡು ಎಎಂಟಿ ಕಾರುಗಳನ್ನು ನೋಡಿದರು. ಮೊದಲನೆಯದು ಒಬ್ಬ ದಲ್ಲಾಳಿಯ ಬಳಿಯಿತ್ತು. ಹೊಳೆಯುವ ಬಣ್ಣ, ಹೊಸ ಸೀಟ್ ಕವರ್, ಒಳಗೆ ಅತ್ತರಿನ ಸುವಾಸನೆ. ಇವರು ಹೋಗುವಾಗಲೇ ಇಂಜಿನ್ ಬಿಸಿಯಾಗಿತ್ತು. ಜೊತೆಗೆ ಬಂದಿದ್ದ ಮೆಕ್ಯಾನಿಕ್, "ಇದನ್ನು ತಣ್ಣಗಾಗಲು ಬಿಡಿ, ನಾಳೆ ಬೆಳಗ್ಗೆ ನಾವೇ ಸ್ಟಾರ್ಟ್ ಮಾಡುತ್ತೇವೆ" ಎಂದ. ಮರುದಿನ ತಣ್ಣಗಿನ ಇಂಜಿನ್‌ನಲ್ಲಿ ರಿವರ್ಸ್ ಹಾಕಿದಾಗ 'ಧಡ್' ಎಂಬ ಸದ್ದು. ಏರಿನಲ್ಲಿ ಇಂಜಿನ್ ಮೊರೆಯುತ್ತಿತ್ತು, ಕಾರು ಮಾತ್ರ ಏಳುತ್ತಿರಲಿಲ್ಲ. ಸುಟ್ಟ ವಾಸನೆ ಬಂತು. ಕ್ಲಚ್ ಸವೆದುಹೋಗಿತ್ತು. ಅತ್ತರು ಏಕೆಂದು ಆಗ ತಿಳಿಯಿತು.

ಎರಡನೆಯದು ಒಬ್ಬ ನಿವೃತ್ತ ಶಿಕ್ಷಕರದು. ಬಣ್ಣ ಮಾಸಿತ್ತು, ಬಂಪರ್‌ನಲ್ಲಿ ಗೀರುಗಳಿದ್ದವು. ಅವರು ಮೊದಲೇ ಹೇಳಿದರು: "ಎರಡನೇ ಗೇರಿಗೆ ಹೋಗುವಾಗ ಎಳೆಯುತ್ತದೆ. ಒಂದು ವರ್ಷದೊಳಗೆ ಕ್ಲಚ್ ಹಾಕಿಸಬೇಕಾಗಬಹುದು. ಬೆಲೆಯಲ್ಲಿ ಅದನ್ನು ಕಳೆದುಕೊಳ್ಳಿ." ಸರ್ವಿಸ್ ಮಾಡಿಸಿದ ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿಟ್ಟಿದ್ದರು. ಅಕ್ಕನ ಮನೆಯವರು ಅದನ್ನೇ ಕೊಂಡರು.

ಪ್ರವಾದಿ(ಸ)ರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತೆಂದು ಮಾರುವವನು ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಏಕೆ ಇಡಲಿಲ್ಲ ಎಂದು ಕೇಳಿದ ಪ್ರವಾದಿ(ಸ)ರು, ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಈ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಮಳೆಗೆ ನೆನೆದದ್ದು ಅವನ ತಪ್ಪಾಗಿರಲಿಲ್ಲ, ಅದನ್ನು ಮುಚ್ಚಿಟ್ಟದ್ದು ತಪ್ಪಾಗಿತ್ತು. ಹಳೆಯ ಕಾರಿಗೂ ಇದೇ ಮಾತು ಅನ್ವಯಿಸುತ್ತದೆ. ದೋಷವಿಲ್ಲದ ಹಳೆಯ ಕಾರು ಎಲ್ಲಿದೆ? ದೋಷವನ್ನು ಮೇಲೆ ಇಟ್ಟು ಮಾರುವವರು ಬೇಕು.

ಕೊಳ್ಳುವ ಮೊದಲು

ಮ್ಯಾನುವಲ್ ಕಾರಾದರೆ ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಮೇಲೆ ಕಾಲಿಟ್ಟು, ಮೂರನೇ ಗೇರ್ ಹಾಕಿ ಕ್ಲಚ್ ಮೆಲ್ಲನೆ ಬಿಡಿ. ಇಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಸವೆದಿದೆ. ಎದುರು ಯಾರೂ ಇಲ್ಲದ ಜಾಗದಲ್ಲಿ, ಮೆಕ್ಯಾನಿಕ್‌ನ ಕೈಯಿಂದಲೇ ಇದನ್ನು ಮಾಡಿಸುವುದು ಒಳ್ಳೆಯದು.

ಆಟೋಮ್ಯಾಟಿಕ್ ಆದರೆ ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ಬ್ರೇಕ್ ಒತ್ತಿಕೊಂಡು ರಿವರ್ಸ್, ಡ್ರೈವ್ ಹಾಕಿ ನೋಡಿ. ತಡವಾಗಿ ಹಿಡಿದರೆ, ಜೋರಾಗಿ ಸದ್ದಾದರೆ ಸಂಶಯಪಡಿ. ದಟ್ಟಣೆಯಲ್ಲಿ ಹದಿನೈದು ನಿಮಿಷವಾದರೂ ಓಡಿಸಿ, ಒಂದು ಏರು ಹತ್ತಿಸಿ. ಟಾರ್ಕ್ ಕನ್ವರ್ಟರ್ ಇದ್ದರೆ ಗೇರ್ ಎಣ್ಣೆಯನ್ನು ಪರೀಕ್ಷಿಸಲು ಮೆಕ್ಯಾನಿಕ್‌ಗೆ ಹೇಳಿ. ಅದು ಕಪ್ಪಾಗಿದ್ದು ಸುಟ್ಟ ವಾಸನೆ ಬಂದರೆ ಆ ಕಾರು ಬೇಡ. ಬಹು ಮುಖ್ಯವಾಗಿ, ಓಡಿಸಲಿರುವ ಮಹಿಳೆಯೇ ಸೀಟಿನಲ್ಲಿ ಕುಳಿತು ನೋಡಬೇಕು. ಪೆಡಲ್ ಎಟಕುತ್ತದೆಯೇ, ಹಿಂಬದಿ ಕಾಣುತ್ತದೆಯೇ ಎಂಬುದನ್ನು ಗಂಡಸರು ಅವಳ ಪರವಾಗಿ ಹೇಳಲಾರರು.

ಕಾಗದಪತ್ರಗಳಲ್ಲಿ ಸಂಕೋಚ ಬೇಡ. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದಿದ್ದರೆ ಬ್ಯಾಂಕ್‌ನ ನಿರಾಕ್ಷೇಪಣಾ ಪತ್ರ ಮತ್ತು ಫಾರ್ಮ್ 35 ಕೇಳಿ. ಮಾಲಕತ್ವ ವರ್ಗಾವಣೆಗೆ ಫಾರ್ಮ್ 29 ಮತ್ತು 30 ಬೇಕು. ಕೊಂಡವರು 30 ದಿನಗಳೊಳಗೆ ಆರ್‌ಟಿಒಗೆ ಅರ್ಜಿ ಸಲ್ಲಿಸಬೇಕು, 14 ದಿನಗಳೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು ತಿಳಿಸಬೇಕು. ಕಾರು ಯಾರ ಹೆಸರಿನಲ್ಲಿ? ಓಡಿಸುವವಳ ಹೆಸರಿನಲ್ಲಿಯೇ ಏಕಾಗಬಾರದು?

ಆಟೋಮ್ಯಾಟಿಕ್‌ಗೆ ಹೊಸಬರಾದವರಿಗೆ ಎರಡು ಎಚ್ಚರಿಕೆಗಳು. ಎಡಗಾಲನ್ನು ಪಕ್ಕಕ್ಕಿಡಿ, ಕ್ಲಚ್ ಎಂದು ತಿಳಿದು ಅದು ಬ್ರೇಕನ್ನು ಒಮ್ಮೆಲೇ ತುಳಿದುಬಿಡುತ್ತದೆ. ಡ್ರೈವ್‌ನಲ್ಲಿಟ್ಟು ಎಂದೂ ಕೆಳಗಿಳಿಯಬೇಡಿ, ಮಕ್ಕಳನ್ನು ಒಳಗೆ ಬಿಟ್ಟು ಹೋಗಬೇಡಿ. ಅನೇಕ ಎಎಂಟಿ ಕಾರುಗಳಲ್ಲಿ ಪಾರ್ಕಿಂಗ್ ಗೇರ್ ಇರುವುದಿಲ್ಲ. ಆದ್ದರಿಂದ ಹ್ಯಾಂಡ್ ಬ್ರೇಕ್ ಮರೆಯಬಾರದು. ಏರಿನಲ್ಲಿ ನಿಂತಾಗ ಎಕ್ಸಲರೇಟರ್ ಒತ್ತಿ ಕಾರನ್ನು ಹಿಡಿದಿಟ್ಟರೆ ಕ್ಲಚ್ ಸುಡುತ್ತದೆ, ಬ್ರೇಕ್ ಬಳಸಿ.

ಕಳೆದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ಹಳೆಯ ಕಾರನ್ನು ನೋಡಲು ಒಬ್ಬರು ಬಂದಿದ್ದರು. ಭಾವ ಏನೋ ಹೇಳುವ ಮೊದಲೇ ಅಕ್ಕ ಬಾಗಿಲ ಮರೆಯಿಂದ ಹೇಳಿದಳು: "ಮಳೆಗಾಲದಲ್ಲಿ ಹಿಂದಿನ ಎಡಬಾಗಿಲಿನಿಂದ ನೀರು ಸೋರುತ್ತದೆ ಅಂತಲೂ ಹೇಳಿ." ಭಾವ ನಕ್ಕು ಹೇಳಿದರು. ಬಂದವರು ಎರಡು ಸಾವಿರ ಕಡಿಮೆ ಕೊಟ್ಟರು, ಕಾರು ಕೊಂಡುಹೋದರು.

ಸಂಜೆ ಅತ್ತೆಯನ್ನು ಆಸ್ಪತ್ರೆಗೆ ತೋರಿಸಲು ಹೊರಟಾಗ ನಾನೂ ಜೊತೆಗೆ ಹೋದೆ. ಒಂದು ಸಿಗ್ನಲ್‌ನಲ್ಲಿ ಹಿಂದಿನವರು ಹಾರ್ನ್ ಹೊಡೆದರು. ಅಕ್ಕ ಬಿಸ್ಮಿಲ್ಲಾಹ್ ಎಂದು ಬ್ರೇಕ್‌ನಿಂದ ಕಾಲು ತೆಗೆದಳು. ಕಾರು ತನ್ನಷ್ಟಕ್ಕೇ ಮುಂದೆ ಸಾಗಿತು. ಅವಳ ಲೈಸೆನ್ಸ್ ಈಗ ಬೀರುವಿನಲ್ಲಿಲ್ಲ, ಕೈಚೀಲದಲ್ಲಿದೆ. ನಿಮ್ಮದು ಎಲ್ಲಿದೆ?